ನಾಯಿಯ ಕೂದಲೊಳಗೆ ದೊಡ್ಡಪ್ಪನ ಕೈ

ನಮ್ಮ ದೊಡ್ಡಮ್ಮನ ನಾಯಿಯ ಮೈಮೇಲೆ ಕೂದಲಿದೆ ಎಂದರೆ ತಪ್ಪಾಗುತ್ತದೆ. ಒಂದು ದೊಡ್ಡ ಬಿಳಿ ಕೂದಲ ರಾಶಿಯಿದೆ, ಅದರೊಳಗೆ ಎಲ್ಲೋ ಒಂದು ನಾಯಿಯಿದೆ. ಮುಂದು ಯಾವುದು, ಹಿಂದು ಯಾವುದು ಎಂದು ತಿಳಿಯಬೇಕಾದರೆ ಬಿಸ್ಕತ್ತು ಹಿಡಿಯಬೇಕು. ಬಿಸ್ಕತ್ತು ಯಾವ ಕಡೆ ಮಾಯವಾಗುತ್ತದೋ ಅದು ಮುಂದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವಾಗ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ನನಗೆ. ಕೇಳಿಸಿದರೆ ಓಡಿ ಬಂದು ಪುಸ್ತಕದ ಮೇಲೆಯೇ ಮಲಗುತ್ತದೆ.

ಅಪ್ಪ ಅಮ್ಮ ಅರಕಲಗೂಡಿನಲ್ಲಿದ್ದಾರೆ. ನಾನು ಪಿಯುಸಿಗೆಂದು ಚನ್ನರಾಯಪಟ್ಟಣದಲ್ಲಿ ದೊಡ್ಡಪ್ಪನ ಮನೆ ಸೇರಿದ್ದೇನೆ. ಅಲ್ಲಿ ದೊಡ್ಡಮ್ಮ ದಿನಾ ಸಂಜೆ ನೆಲದ ಮೇಲೆ ಕಾಲು ಚಾಚಿ ಕೂತು, ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅರ್ಧ ಗಂಟೆ ಬಾಚುತ್ತಿದ್ದರು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ, ಮೊಬೈಲನ್ನು. ಈ ವರ್ಷ ಅವರ ಮೊಣಕಾಲು ಸವೆದು ಹಾಸನದಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಆಮೇಲೆ ನೆಲದ ಮೇಲೆ ಕೂರಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟರು.

ದೊಡ್ಡಪ್ಪ ಊಟದ ತಟ್ಟೆಯಿಂದ ತಲೆಯೆತ್ತದೆ ತೀರ್ಮಾನ ಹೇಳಿದರು. "ಇದ್ರು ಕೂದ್ಲು ಬಾಚೋರು ಯಾರು? ತ್ವಾಟಕ್ ಬುಟ್ಬುಟ್ಟು ಬತ್ತೀನಿ. ಕಾವ್ಲಿಗಾದ್ರೂ ಆಯ್ತದೆ."

ನಮ್ಮ ತೋಟ ಹಳೇಕೋಟೆಯ ಹತ್ತಿರ. ಪಂಪ್‌ಹೌಸಿನ ಪಕ್ಕದ ಕಲ್ಲಿಗೆ ಒಂದು ಸರಪಳಿ ಬಿಗಿದಿದೆ. ಅಲ್ಲಿ ಹತ್ತು ಹೆಜ್ಜೆ ನಡೆದರೆ ಪ್ಯಾಂಟಿಗೆ ನೂರು ಉತ್ತರಾಣಿ ಮುಳ್ಳು ಅಂಟುತ್ತವೆ; ಈ ಕೂದಲಿಗೆ ಅಂಟಿದರೆ ಎಣಿಸುವವರು ಯಾರು? ಇನ್ನು ಕಾವಲಿನ ಮಾತು. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ನುಗ್ಗುವ ಪ್ರಾಣಿ ಅದು. ಕಳ್ಳ ಬಂದರೆ ಅವನ ಹಿಂದೆಯೇ ಅಡಗಿಕೊಳ್ಳುತ್ತದೆ. ದೊಡ್ಡಮ್ಮ ನಾಯಿಯ ಕಿವಿಯ ಹಿಂದೆ ಬೆರಳಾಡಿಸುತ್ತಾ ಕೂತಿದ್ದರು. ಆ ಬೆರಳನ್ನು ನೋಡಿ ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. ನಾನಿದ್ದೇನಲ್ಲ, ಬಾಚುವುದೇನು ಮಹಾ, ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಎಂದೆಲ್ಲ ಹೇಳಿಬಿಟ್ಟೆ. ದೊಡ್ಡಪ್ಪ ನನ್ನನ್ನು ಅಳೆದು ನೋಡಿದರು. ದೊಡ್ಡಮ್ಮ ಹಾಸನದಿಂದ ಬರುವ ಭಾನುವಾರ ತಾವೇ ಪರೀಕ್ಷೆ ಮಾಡುವುದಾಗಿಯೂ, ಕೂದಲಲ್ಲಿ ಸಿಕ್ಕುಗಂಟು ಇಲ್ಲದಿದ್ದರೆ ನಾಯಿ ಮನೆಯಲ್ಲಿ, ಇದ್ದರೆ ಸೋಮವಾರ ತೋಟದಲ್ಲಿ ಎಂದೂ ಹೇಳಿದರು.

ಅವರಿಬ್ಬರೂ ಹಾಸನಕ್ಕೆ ಹೋದರು. ಮನೆಯಲ್ಲಿ ಉಳಿದವರು ನಾನು, ನಾಯಿ, ಮತ್ತು ಕಣ್ಣು ಮಂಜಾದ ಅಜ್ಜಿ.

ಮೊದಲ ದಿನವೇ ನಾನು ಪ್ರವೀಣನಾದೆ. ಬ್ರಷ್ಷನ್ನು ಬೆನ್ನ ಮೇಲೆ ಐದಾರು ಸಲ ಓಡಿಸಿದರೆ ಸಾಕು, ಕೂದಲು ಅರಳಿ ನಾಯಿ ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕಿಟಕಿಯ ಬೆಳಕಲ್ಲಿ ನಿಲ್ಲಿಸಿ ವಿಡಿಯೋ ತೆಗೆದು ದೊಡ್ಡಮ್ಮನಿಗೆ ಕಳಿಸುವುದು. ಬಾಚಲು ಎರಡು ನಿಮಿಷ, ಬೆಳಕು ಹೊಂದಿಸಲು ಇಪ್ಪತ್ತು ನಿಮಿಷ. ದೊಡ್ಡಮ್ಮ ಆಸ್ಪತ್ರೆಯ ಹಾಸಿಗೆಯಿಂದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಚೆನ್ನಾಗಿದೆ ಬಂಗಾರ, ಕಿವಿ ಹಿಂದೇನೂ ನೋಡ್ಕೊ ಎಂದು. ನಾನು ಮೊದಲರ್ಧ ಮಾತ್ರ ಕೇಳಿಸಿಕೊಳ್ಳುತ್ತಿದ್ದೆ.

ಗುರುವಾರ ವಿಡಿಯೋಗೆಂದು ಅದರ ತಲೆ ತಿರುಗಿಸಲು ಕಿವಿಯ ಹಿಂದೆ ಕೈಯಿಟ್ಟೆ. ಗಟ್ಟಿಯಾದದ್ದೇನೋ ತಾಗಿತು, ಹುಣಸೆಹಣ್ಣಿನ ಉಂಡೆಯ ಹಾಗೆ. ಗಡ್ಡೆ ಎಂದುಕೊಂಡೆ, ಕಾಯಿಲೆ ಎಂದುಕೊಂಡೆ, ಎರಡು ನಿಮಿಷದಲ್ಲಿ ನಾಯಿಯ ಅಂತ್ಯಕ್ರಿಯೆಯವರೆಗೂ ಹೋಗಿ ಬಂದೆ. ಆಮೇಲೆ ಬಿಡಿಸಿ ನೋಡಿದರೆ ಅದು ಕೂದಲು. ಚರ್ಮಕ್ಕೆ ಹತ್ತಿ ಗಂಟಾಗಿದೆ. ಕಂಕುಳಲ್ಲಿ ಇನ್ನೆರಡು, ಹೊಟ್ಟೆಯ ಕೆಳಗೆ ಒಂದು ಸಾಲೇ ಇತ್ತು. ಮೇಲೆ ರೇಷ್ಮೆ, ಒಳಗೆ ಕಾಲೊರಸು.

ನನಗೆ ಬೆವರಿದ್ದು ಆಗ. ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ಹಿರೀಸಾವೆ ಕಡೆಯಿಂದ ಚೀಲಗಳು ಬಂದಾಗ ಅವರು ಮೇಲಿನ ಕೊಬ್ಬರಿಯನ್ನು ನೋಡುವುದೇ ಇಲ್ಲ. ಮೇಲೆ ಎಲ್ಲರೂ ಒಳ್ಳೆಯದನ್ನೇ ಇಟ್ಟಿರುತ್ತಾರೆ. ಅವರು ಅಂಗಿಯ ತೋಳು ಮಡಿಚಿ, ಚೀಲದ ತಳಕ್ಕೆ ಭುಜದವರೆಗೂ ಕೈಯಿಳಿಸಿ, ಅಲ್ಲಿಂದ ಒಂದು ಕೊಬ್ಬರಿ ಬಟ್ಟಲು ಎಳೆದು ಮೂಸುತ್ತಾರೆ. ಆ ಕೈ ಭಾನುವಾರ ಈ ನಾಯಿಯೊಳಗೆ ಇಳಿಯಲಿತ್ತು.

ಶುಕ್ರವಾರ ಕಾಲೇಜು ತಪ್ಪಿಸಿ ನನಗೆ ಗೊತ್ತಿದ್ದ ಏಕೈಕ ಔಷಧ ಮಾಡಿದೆ. ನಮ್ಮ ಮನೆಯಲ್ಲಿ ಕೂದಲಿಗೆ ಏನೇ ಆದರೂ ಕೊಬ್ಬರಿ ಎಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತೊಳೆಯುವುದು. ಅರ್ಧ ಲೀಟರ್ ಎಣ್ಣೆ ಹಿಡಿಯಿತು. ನಾಯಿ ಬಚ್ಚಲಿನಿಂದ ಮೂರು ಸಲ ತಪ್ಪಿಸಿಕೊಂಡು ಅಡುಗೆಮನೆ, ಹಜಾರ, ನನ್ನ ರೆಕಾರ್ಡ್ ಪುಸ್ತಕ ಎಲ್ಲದಕ್ಕೂ ಎಣ್ಣೆಸ್ನಾನ ಮಾಡಿಸಿತು. ನೀರು ಬಿದ್ದ ಮೇಲೆ ಅದು ಎಷ್ಟು ಚಿಕ್ಕದಾಯಿತೆಂದರೆ ಬೇರೆ ಯಾರದೋ ನಾಯಿ ಬಂದಿದೆ ಎಂದು ಹೆದರಿದೆ. ಆದರೆ ಒಣಗಿದ ಮೇಲೆ ನಗು ನಿಂತಿತು. ಗಂಟುಗಳು ಬಿಡಲಿಲ್ಲ, ಕುಗ್ಗಿ ಬಿಗಿದುಕೊಂಡಿದ್ದವು. ಕಂಬಳಿಯ ಹಾಗೆ ಹೆಪ್ಪುಗಟ್ಟಿ, ಬ್ರಷ್ಷಿನ ಹಲ್ಲು ಒಳಗೆ ಇಳಿಯುತ್ತಲೇ ಇರಲಿಲ್ಲ.

ಕತ್ತರಿ ತಂದೆ. ಕಿವಿಯ ಹಿಂದಿನ ಗಂಟನ್ನು ಎತ್ತಿ ಹಿಡಿದು ಕತ್ತರಿಸುವಾಗ, ಗಂಟಿನ ಜೊತೆ ಚರ್ಮವೂ ಮೇಲೆದ್ದದ್ದು ನನಗೆ ಕಾಣಲಿಲ್ಲ. ಅದು ಕಿರುಚಿತು. ಬಿಳಿ ಕೂದಲ ಮೇಲೆ ಒಂದೇ ಹನಿ ರಕ್ತ. ಒಂದೇ ಹನಿ, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಅದು ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿ ಕೂತಿತು. ಬಿಸ್ಕತ್ತು ಹಿಡಿದೆ. ಬಿಸ್ಕತ್ತು ಮಾಯವಾಗಲಿಲ್ಲ.

ಸದ್ದು ಕೇಳಿ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ನಾನು ಅಳುತ್ತಿರಲಿಲ್ಲ, ಸೀಗೆಪುಡಿ ಕಣ್ಣಿಗೆ ಬಿದ್ದಿತ್ತು, ನಾಲ್ಕು ಗಂಟೆ ತಡವಾಗಿ. ಎಲ್ಲವನ್ನೂ ಹೇಳಿದೆ.

"ಸಿಕ್ಕಿರೋ ತಲೆಗೆ ಯಾರಾದ್ರೂ ನೀರಾಕ್ತಾರೇನ್ಲಾ?" ಅಂದಳು. "ಮೊದ್ಲು ಸಿಕ್ಕು, ಆಮೇಲೆ ನೀರು. ಎಣ್ಮಕ್ಳು ಇಲ್ದಿದ್ ಮನೇಲಿ ಉಟ್ಟಿದ್ದೀಯ, ಏನ್ ಗೊತ್ತು ನಿಂಗೆ."

ಗಾಯಕ್ಕೆ ಅರಿಶಿಣ ಹಚ್ಚಿಸಿದಳು. ಆಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು, ನಾನು ಆರು ತಿಂಗಳಿಂದ ಸಾಕಿದ ಮುಂಗೂದಲನ್ನು ಸುಮ್ಮನೆ ಎಳೆದಳು. ಪ್ರಾಣ ಹೋಯಿತು. ಎರಡನೇ ಸಲ ಬುಡವನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು ತುದಿಯನ್ನು ಎಳೆದಳು. ಏನೂ ನೋಯಲಿಲ್ಲ.

"ಬುಡ ಇಡ್ಕೊ, ತುದಿಯಿಂದ ಬಾ. ನೋವಾದ್ರೆ ನಿನ್ ಬೆರಳಿಗಾಗ್ಲಿ, ಅದ್ಕಾಗ್ಬಾರ್ದು."

ಶನಿವಾರವಿಡೀ ಹಾಗೆಯೇ ಮಾಡಿದೆ. ಗಂಟಿಗೆ ಪೌಡರ್ ಉದುರಿಸಿ, ಬುಡ ಹಿಡಿದು, ತುದಿಯಿಂದ ನಾಲ್ಕು ನಾಲ್ಕೇ ಎಳೆ ಬಿಡಿಸುವುದು. ಮೊದಲು ನಾಯಿ ಹತ್ತಿರವೇ ಬರಲಿಲ್ಲ. ನಾನೇ ಮಂಚದ ಕೆಳಗೆ ತೆವಳಿ ಹೋದೆ. ಬ್ರಷ್ ಕಂಡರೆ ನಡುಗುತ್ತಿತ್ತು, ಬರಿ ಬೆರಳಿಗೆ ಸುಮ್ಮನಿತ್ತು. ಸಂಜೆಗೆ ಕಿವಿಯ ಹಿಂದೆ ಉಳಿದಿದ್ದ ಗಂಟೂ ಹೊಟ್ಟೆಯ ಸಾಲೂ ಮುಗಿದವು. ಭಾನುವಾರ ಎಡಗಂಕುಳು ಮುಗಿಯುವ ಹೊತ್ತಿಗೆ ಫೋನ್ ಬಂತು. ಶಾಂತಿಗ್ರಾಮ ದಾಟಿದ್ದಾರಂತೆ, ಇನ್ನರ್ಧ ಗಂಟೆಯಲ್ಲಿ ಮನೆ. ಬಲಗಂಕುಳಿನ ಗಂಟು ಇನ್ನೂ ಹಾಗೆಯೇ ಇತ್ತು.

ದೊಡ್ಡಮ್ಮ ವಾಕರ್ ಹಿಡಿದು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನಾಯಿ ಅವರ ಪಾದದ ಮೇಲೆ ಬಿದ್ದುಕೊಂಡು ಅಳುವವರ ಹಾಗೆ ಕುಯ್‌ಗುಟ್ಟಿತು. ದೊಡ್ಡಪ್ಪ ಕೈ ತೊಳೆದು ಬಂದವರೇ ತೋಳು ಮಡಿಚಿದರು. ಬೆನ್ನನ್ನು ನೋಡಲೇ ಇಲ್ಲ. ನೇರವಾಗಿ ಹೊಟ್ಟೆಗೆ ಕೈ ಹಾಕಿದರು. ಅಲ್ಲಿಂದ ತೊಡೆ. ಅಲ್ಲಿಂದ ಕಿವಿಯ ಹಿಂದೆ. ಅರಿಶಿಣ ಬೆರಳಿಗೆ ಹತ್ತಿತು. ನನ್ನ ಕಡೆ ನೋಡಿದರು. ಎಡಗಂಕುಳು ಆಯಿತು. ಕೈ ಬಲಕ್ಕೆ ತಿರುಗಿತು.

"ಅಲ್ಲೊಂದೈತೆ ದೊಡ್ಡಪ್ಪ," ಎಂದೆ. "ಮುಗೀಲಿಲ್ಲ. ಕಿವಿ ತಾವ ಕತ್ತರಿ ತಗಲ್ಸಿದ್ದೂ ನಾನೇ."

ಅವರ ಕೈ ನಿಂತಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ಚೀಲದ ತಳದಲ್ಲಿ ಏನಿದೆಯೆಂದು ಮೊದಲೇ ಹೇಳಿದ ಆಸಾಮಿ ಇದ್ದಿರಲಾರ. ನಾನೂ ಗುಣದಿಂದ ಹೇಳಿದ್ದಲ್ಲ, ಭಯದಿಂದ.

"ಬುಡುಸು, ನೋಡಾನ," ಅಂದರು.

ಅಷ್ಟರಲ್ಲಿ ನಾಯಿ ಸ್ಟೂಲಿನ ಮೇಲಿದ್ದ ಬ್ರಷ್ ನೋಡಿ ಮಂಚದ ಕೆಳಗೆ ಸೇರಿತು. ನಾನೂ ತೆವಳಿ ಹೋದೆ. ದೊಡ್ಡಪ್ಪ ಮಂಚದ ಮೇಲೆ ಕೂತರು. ನನಗೆ ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ. ಹೆಬ್ಬೆರಳು ಒಂದೇ ಸಮನೆ ಆಡುತ್ತಿತ್ತು. ಬುಡ ಹಿಡಿದೆ. ನಾಯಿಯ ಎದೆ ನನ್ನ ಬೆರಳ ಕೆಳಗೆ ಡವಡವ ಅನ್ನುತ್ತಿತ್ತು, ನನ್ನದೂ ಅದಕ್ಕಿಂತ ಕಡಿಮೆಯಿರಲಿಲ್ಲ. ಎಷ್ಟು ಹೊತ್ತಾಯಿತೋ, ಗಂಟು ಎರಡಾಯಿತು, ನಾಲ್ಕಾಯಿತು, ಕೊನೆಗೆ ಬರೀ ಕೂದಲಾಯಿತು. ನಾಯಿ ಒಂದು ಸಲ ಹಲ್ಲು ತೋರಿಸಿತು, ಆಮೇಲೆ ನನ್ನ ಮಣಿಕಟ್ಟು ನೆಕ್ಕಿತು. ನಾಯಿಯನ್ನು ಎತ್ತಿಕೊಂಡು ಹೊರಗೆ ಬಂದಾಗ ದೊಡ್ಡಪ್ಪ ಕೈಯಿಳಿಸಿ ನೋಡಿ ಎದ್ದರು.

"ಮುಂದಿನ್ ಭಾನ್ವಾರ ಇನ್ನೊಂದ್ ಸಲ ಕೈ ಆಕ್ತೀನಿ."

ಅವರು ಅಂಗಡಿಗೆ ಹೋದ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕರೆದರು. "ದಿನಾ ಬರೀ ಬೆನ್ನೇ ತೋರುಸ್ತಿದ್ದಲ್ಲೋ. ನಂಗೆ ಎರಡ್ನೇ ದಿನಾನೇ ಗೊತ್ತಾಯ್ತು."

ಹಾಗಾದರೆ ಬೈಯಬಾರದಿತ್ತೇ ಎಂದು ಕೇಳಿದೆ. ದೊಡ್ಡಪ್ಪ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದರಂತೆ. ಬೈದರೆ ಅವರಿಗೆ ತಿಳಿದುಬಿಡುತ್ತದೆಂದು, ಚೆನ್ನಾಗಿದೆ ಬಂಗಾರ ಎಂದು ಹೇಳಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮಲಗಿರುತ್ತಿದ್ದರಂತೆ.

ಅದಾಗಿ ನಾಲ್ಕು ಭಾನುವಾರ ಕಳೆದಿವೆ. ನಾಲ್ಕೂ ಸಲ ದೊಡ್ಡಪ್ಪ ತೋಳು ಮಡಿಚಿದ್ದಾರೆ, ಗಂಟು ಸಿಗದೆ ಎದ್ದು ಹೋಗಿದ್ದಾರೆ. ಸರಪಳಿ ಹಳೇಕೋಟೆಯಲ್ಲೇ ಇದೆ. ಬಿಚ್ಚಿ ಎಂದು ಅವರು ಯಾರಿಗೂ ಹೇಳಿಲ್ಲ. ಇವತ್ತು ಶನಿವಾರ. ನಾಯಿ ಕೊನೆಗೂ ಈ ಪುಸ್ತಕದ ಮೇಲೆ ಬಂದು ಮಲಗಿದೆ. ಎಡಗೈ ಅದರ ಕಿವಿಯ ಹಿಂದೆ ಇತ್ತು, ಈಗ ಅಲ್ಲೇ ನಿಂತಿದೆ. ಕಡಲೆಕಾಳಿನಷ್ಟು ಏನೋ ಸಿಕ್ಕಿದೆ. ಪೆನ್ನು ಕೆಳಗಿಡಬೇಕು, ಇದಕ್ಕೆ ಎರಡು ಕೈಯೂ ಬೇಕು.