ಗಿರಿಜಾಗೆ ನಾನು ಹೇಳಿದ ‘ಇಂಪಾರ್ಟೆಂಟು’

ನಾನೊಂದು ಸುಳ್ಳು ಹೇಳಿದೆ. ಅದರಿಂದ ಗಿರಿಜಾ ಎಂಬ ಹುಡುಗಿ ಟೀಚರ್ ಆಗುವುದು ತಪ್ಪಿತು, ನನಗೇನೂ ನಷ್ಟವಾಗಲಿಲ್ಲ. ವ್ಯಾಪಾರದಲ್ಲಿ ಇಂಥದ್ದಕ್ಕೆ ಲಾಭ ಅನ್ನುತ್ತಾರೆ — ನಾನೂ ಬಹಳ ವರ್ಷ ಹಾಗೇ ಅಂದುಕೊಂಡು ನೆಮ್ಮದಿಯಾಗಿದ್ದೆ. ಯಾಕೆ ಹೇಳಿದೆ ಅಂದರೆ, ‘ಗೊತ್ತಿಲ್ಲ’ ಅನ್ನುವುದಕ್ಕೆ ನಾಚಿಕೆಯಾಯಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದೆಯೇನೋ ಅಂತ ಹುಡುಕಿದ್ದೇನೆ, ಸಿಕ್ಕಿಲ್ಲ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮಪ್ಪ ಮಂಡಿ ಮೊಹಲ್ಲಾದ ಬೆಲ್ಲದ ಮಂಡಿಯೊಂದರಲ್ಲಿ ಮೂಟೆ ತೂಗುತ್ತಿದ್ದ. ಮುಂದೆ ಅದೇ ಮಂಡಿಯನ್ನು ನಾನು ಕೊಂಡೆ, ಆ ಮಾತು ಬೇರೆ. ಎದುರಿಗೇ ಗಿರಿಜಾಳ ತಂದೆ ಬಸಪ್ಪನವರ ಹಿಟ್ಟಿನ ಮಿಲ್ಲು. ನಾವಿಬ್ಬರೂ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿ, ಒಂದೇ ಕಾಲೇಜಿನಲ್ಲಿ ಪಿಯುಸಿ ಕಾಮರ್ಸ್ ಸೇರಿದೆವು. ಇಂಗ್ಲಿಷ್ ಕ್ಲಾಸಿನಲ್ಲಿ ನಮಗೆ ಪೂರ್ತಿ ಅರ್ಥವಾಗುತ್ತಿದ್ದದ್ದು ಹಾಜರಿ ಕೂಗುವುದೊಂದೇ.

ಕೃಷ್ಣಮೂರ್ತಿಪುರಂನಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಇಂಗ್ಲಿಷ್ ಟ್ಯೂಷನ್ ಮಾಡುತ್ತಿದ್ದರು. ಫೀಸಿನ ಬದಲು ಮನೆಗೆ ದಿನಸಿ ಸೈಕಲ್ಲಿನಲ್ಲಿ ತಂದುಹಾಕುತ್ತೇನೆ ಅಂತ ಚೌಕಾಸಿ ಮಾಡಿ ನಾನು ಸೇರಿಕೊಂಡೆ. ಗಿರಿಜಾಳನ್ನು ಅಷ್ಟು ದೂರ ಕಳಿಸುವುದಿಲ್ಲ ಅಂದರು ಬಸಪ್ಪನವರು. ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಒಪ್ಪಂದ — ಅವಳು ನನಗೆ ಅಕೌಂಟೆನ್ಸಿ ಹೇಳಿಕೊಡುವುದು, ಮೇಷ್ಟ್ರು ಹೇಳಿದ್ದನ್ನು ನಾನು ಅವಳಿಗೆ ತಲುಪಿಸುವುದು. ಎರಡು ವರ್ಷ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಕೌಂಟೆನ್ಸಿಯಲ್ಲಿ ನಾನು ಪಾಸಾದದ್ದು ಅವಳಿಂದ.

ಬಸಪ್ಪನವರ ಷರತ್ತು ಬೀದಿಗೆಲ್ಲ ಗೊತ್ತಿತ್ತು. ಒಂದೇ ಸಲಕ್ಕೆ ಪಾಸಾದರೆ ಟೀಚರ್ ಆಗಲು ಟಿಸಿಎಚ್ ಓದಿಸುತ್ತಾರೆ; ಇಲ್ಲದಿದ್ದರೆ ನಂಜನಗೂಡಿನ ಕಡೆಯ ಸಂಬಂಧ ಒಂದು ಕಾದಿತ್ತು.

ಪರೀಕ್ಷೆಗೆ ಮುಂಚಿನ ಕೊನೇ ಟ್ಯೂಷನ್ ಕ್ಲಾಸಿನಲ್ಲಿ ಮೇಷ್ಟ್ರು ‘ಇಂಪಾರ್ಟೆಂಟು’ ಹೇಳುವುದು ವಾಡಿಕೆ. ಯಾವ ಪ್ರಬಂಧ ಬರಬಹುದು, ಯಾವ ಪಾಠ ಬಿಡಬಹುದು — ನಮ್ಮಂಥವರಿಗೆ ಅದೇ ಆಧಾರ. ಆ ಸಂಜೆಯೇ ಮಂಡ್ಯದಿಂದ ಬೆಲ್ಲದ ಲೋಡು ಬಂತು. ಮಂಡಿಯ ಯಜಮಾನರು ಊರಲ್ಲಿರಲಿಲ್ಲ. ಮೊದಲ ಸಲ ನಾನೇ ನಿಂತು ಚೌಕಾಸಿ ಮಾಡಿ ದರ ಮುರಿದೆ. ಆ ಅಮಲಿನಲ್ಲಿ ಟ್ಯೂಷನ್ನಿಗೆ ಹೋಗಲೇ ಇಲ್ಲ.

ಮಾರನೇ ದಿನ ಮಿಲ್ಲಿನ ಬಾಗಿಲಲ್ಲಿ ಗಿರಿಜಾ ಕೇಳಿದಳು, “ಮೇಷ್ಟ್ರು ಏನಂದ್ರೋ?”

ಮಂಡಿಯಲ್ಲಿ ಗಿರಾಕಿಗೆ ‘ಇಲ್ಲ’ ಅನ್ನಬಾರದು, ಇದ್ದದ್ದನ್ನೇ ತೋರಿಸಬೇಕು ಅಂತ ಕಲಿತ ನಾಲಿಗೆ ನನ್ನದು. “ಗ್ರಂಥಾಲಯದ ಪ್ರಬಂಧ ಒಂದು ಮಾಡ್ಕೋ. ಮೂರು ಪಾಠ, ಎರಡು ಪದ್ಯ. ಪತ್ರ ಬರೆಯೋದು ಬುಟ್ಬುಡು,” ಅಂದೆ. ಯಾವ ಮೂರು, ಯಾವ ಎರಡು ಅನ್ನುವುದನ್ನೂ ಬಾಯಿಗೆ ಬಂದಂತೆ ಹೇಳಿದೆ.

ಪರೀಕ್ಷೆಗೆ ಎರಡು ದಿನ ಇದ್ದಾಗ ಟ್ಯೂಷನ್ನಿನ ಗೆಳೆಯ ಸಿಕ್ಕಿದ. ಮೇಷ್ಟ್ರು ಹೇಳಿದ್ದೇ ಬೇರೆ: ಪರಿಸರದ ಪ್ರಬಂಧ, ಬೇರೆ ಪಾಠಗಳು, ಪತ್ರವನ್ನಂತೂ ಬಿಡಲೇಬೇಡಿ ಅಂದಿದ್ದರಂತೆ. ಅಲ್ಲೇ ಕೂತು ಎಲ್ಲ ಕೇಳಿಕೊಂಡೆ. ಅವಳಿಗೆ ಹೇಳಬೇಕೆಂದೇ ಸೈಕಲ್ ತುಳಿದುಕೊಂಡು ಬಂದೆ — ನಿಜವಾಗಿಯೂ ಹೇಳಬೇಕೆಂದೇ.

ಗಿರಿಜಾ ಜಗಲಿಯ ಮೇಲೆ ಓಡಾಡುತ್ತ ಉರು ಹೊಡೆಯುತ್ತಿದ್ದಳು. ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ನಮ್ಮ ಕ್ರಮ. ಹಾಗೆ ಕಲಿತವರಿಗೆ ಕಲಿತದ್ದು ಬಿಟ್ಟು ಬೇರೆ ಒಂದು ಸಾಲೂ ಬರುವುದಿಲ್ಲ. ನನ್ನನ್ನು ನೋಡಿ ನಕ್ಕಳು. “ನೀನು ಹೇಳಿದ್ದಷ್ಟೂ ಆಯ್ತು ಕಣೋ. ಬೇರೆ ಪುಟ ಮುಟ್ಟೇ ಇಲ್ಲ. ಸಾಕು ತಾನೆ?”

“ಸಾಕು ಬುಡು,” ಅಂದೆ.

ಆ ಎರಡು ಮಾತು. ಇನ್ನೂ ಎರಡು ದಿನವಿತ್ತು. ಪತ್ರ ಒಂದನ್ನಾದರೂ ಕಲಿತಿದ್ದರೆ... ನಾನು ಮನೆಗೆ ಹೋಗಿ ಪರಿಸರದ ಪ್ರಬಂಧ ಕಲಿತೆ.

ಪ್ರಶ್ನೆಪತ್ರಿಕೆಯಲ್ಲಿ ಮೇಷ್ಟ್ರು ಹೇಳಿದ್ದೇ ಬಂದಿತ್ತು. ಗಿರಿಜಾ ಇಂಗ್ಲಿಷ್ ಒಂದರಲ್ಲೇ ಫೇಲಾದಳು. ಬಸಪ್ಪನವರು ಮಂಡಿಗೆ ಬಂದರು, ಹಿಂದೆ ಅವಳೂ ಬಂದು ನಿಂತಳು.

“ಏನಪ್ಪ ಮಂಜ, ಮೇಷ್ಟ್ರು ಏಳಿದ್ನೆಲ್ಲಾ ಇವಳ್ಗೂ ಏಳಿದ್ಯಾ?”

“ಹೇಳಿದ್ದೆ ಮಾವ. ನಾನೂ ಅದನ್ನೇ ಓದಿ ಪಾಸಾಗಿದ್ದು.”

ಗಿರಿಜಾ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ — ಅವಳು ನಂಬಿದಳು. “ನನ್ ತಲೇನೇ ಇಷ್ಟು, ಅಪ್ಪಾಜಿ,” ಅಂದಳು.

“ಓಗ್ಲಿ ಬುಡು ಕಣಮ್ಮ,” ಅಂದರು ಬಸಪ್ಪನವರು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಇತ್ತು. ಅಷ್ಟರಲ್ಲಿ ಮದುವೆಯೇ ಆಗಿಹೋಯಿತು. ಊಟಕ್ಕೆ ಬೆಲ್ಲ ಕಳಿಸಿದವರು ನಾವು.

ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ, ಮಗಳನ್ನು ಪಿಯುಸಿಗೆ ಸೇರಿಸಲು ಗಿರಿಜಾ ತವರಿಗೆ ಬಂದಳು. ಯಾವ ಕಾಲೇಜು ಒಳ್ಳೆಯದು ಅಂತ ಸಲಹೆ ಕೇಳಲು ನನ್ನನ್ನೇ ಕರೆಸಿದಳು. ಮಗಳಿಗೆ ಪರಿಚಯಿಸುತ್ತ, “ಇಂಗ್ಲಿಷ್‌ಗೆ ನನ್ನ ಕೇಳ್ಬೇಡ ಕಣೆ. ಇವ್ರು ಓದಿದ್ದನ್ನೇ ಓದಿ ಫೇಲಾದೋಳು ನಾನು,” ಅಂದಳು. “ಅಮ್ಮನ ತಲೇಲಿ ಬರೀ ಹಿಟ್ಟು ಅಂಕಲ್,” ಅಂತ ಹುಡುಗಿ ನಕ್ಕಳು. ಗಿರಿಜಾನೂ ನಕ್ಕಳು. ಅಷ್ಟು ವರ್ಷ ಆ ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು ಅಂತ ಆಗ ಗೊತ್ತಾಯಿತು.

ಅವತ್ತು ಕಾಫಿ ಕುಡಿದು ಎದ್ದು ಬಂದೆ. ಮುಂದಿನ ವಾರ ಹೋದಾಗಲೂ ಕಾಫಿ ಕುಡಿದು ಎದ್ದೆ. ಆಮೇಲೊಂದು ದಿನ ಬಾಗಿಲಲ್ಲೇ ನಿಂತು ಹೇಳಿದೆ — ತಪ್ಪಿಸಿದ ಕ್ಲಾಸು, ಸೃಷ್ಟಿ ಮಾಡಿದ ಇಂಪಾರ್ಟೆಂಟು, ನಿಜ ಗೊತ್ತಾದ ಮೇಲೂ ಜಗಲಿಯ ಹತ್ತಿರ ಆಡಿದ ಮಾತು, ಎಲ್ಲವನ್ನೂ.

ಗಿರಿಜಾ ಮಗಳನ್ನು ಕರೆದಳು. “ಇವಳ ಮುಂದೆ ಇನ್ನೊಂದ್ಸಲ ಹೇಳು.”

ಹೇಳಿದೆ. ಹುಡುಗಿ ನನ್ನ ಕಡೆ ನೋಡಲಿಲ್ಲ. ಹೋಗಿ ಅಮ್ಮನಿಗೆ ಒತ್ತಿಕೊಂಡು ಕೂತಳು.

“ಅಪ್ಪಾಜಿಗೂ ಹೇಳ್ಬೇಕಿತ್ತು ಕಣೋ,” ಅಂದಳು ಗಿರಿಜಾ. “ಕೊನೇವರ್ಗೂ ನನ್ನ ದಡ್ಡಿ ಅಂತ್ಲೇ ಅಂದ್ಕೊಂಡಿದ್ರು. ಈಗ ಎಲ್ಲೋಗಿ ಹೇಳ್ತೀಯ?”

ಬಸಪ್ಪನವರು ತೀರಿಕೊಂಡು ಆಗ ಎರಡು ವರ್ಷ. ಅದಕ್ಕೆ ಮುಂಚೆ ಅಷ್ಟು ವರ್ಷವೂ ಅವರು ನನ್ನ ಎದುರಿನ ಮಿಲ್ಲಿನಲ್ಲೇ ಇದ್ದರು, ದಿನಾ ಮಾತಾಡಿಸುತ್ತಿದ್ದರು. ಕ್ಷಮಿಸು ಅಂತ ಗಿರಿಜಾಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಕ್ಷಮಿಸಿದೆ ಅನ್ನಲಿಲ್ಲ.

ಸಲಹೆ ಕೊಡುವುದು ನನ್ನ ಚಾಳಿ; ಕೇಳದಿದ್ದರೂ ಹೇಳುತ್ತೇನೆ. ಇಂಥದ್ದೇನಾದರೂ ನಿಮ್ಮಲ್ಲಿದ್ದರೆ ಫೋನಿನಲ್ಲಿ ಹೇಳಬೇಡಿ, ಎದ್ದು ಹೋಗಿ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಡಿ. ಒಳಗೆ ಹೋಗಿ ಕೂತು ಕಾಫಿಗೆ ಒಪ್ಪಿಕೊಂಡರೆ ಮಾತು ಹೊರಡುವುದಿಲ್ಲ. ಸುಳ್ಳನ್ನು ಯಾರ್‍ಯಾರು ಕೇಳಿಸಿಕೊಂಡಿದ್ದರೋ ನಿಜವನ್ನೂ ಅವರೆಲ್ಲರಿಗೂ ಹೇಳಬೇಕು. ಅವರಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ, ಮೊದಲು ಅವರ ಮನೆಗೆ ಹೋಗಿ.