ತಟ್ಟೆಯ ಬೆನ್ನಿನ ಕೆಂಪು ಚುಕ್ಕಿ

ನೂಲಿನ ಗಿರಣಿಯ ಕ್ಯಾಂಟೀನಿನ ಹಿಂಬದಿಗೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಮೂರು ಸಿಮೆಂಟಿನ ತೊಟ್ಟಿ. ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ತಣ್ಣೀರು, ಮೂರನೆಯದರಲ್ಲಿ ಕೈ ಇಡಲಾಗದಷ್ಟು ಬಿಸಿನೀರು. ಇಪ್ಪತ್ತಾರು ವರ್ಷಗಳಿಂದ ಈ ತೊಟ್ಟಿಗಳ ಯಜಮಾನಿ ಬೂದಿಯಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಅದನ್ನು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಆ ಅಡ್ಡಹೆಸರು ಅಂಟಿಕೊಂಡದ್ದು ಕೆಲಸಕ್ಕೆ ಸೇರಿದ ಮೊದಲ ವಾರವೇ. ಕ್ಯಾಂಟೀನಿನವರು ಕೊಟ್ಟ ಸೋಪಿನ ಪುಡಿಗೆ ದೊಡ್ಡ ಪಾತ್ರೆಗಳ ತಳದ ಕರಿ ಜಪ್ಪಯ್ಯ ಎನ್ನಲಿಲ್ಲ. ಅವಳು ಬಾಯ್ಲರ್ ಮನೆಗೆ ಹೋಗಿ ಒಂದು ಡಬ್ಬ ಸೌದೆ ಬೂದಿ ತಂದಳು. ಜರಡಿ ಹಿಡಿದು, ಇಟ್ಟಿಗೆ ಕುಟ್ಟಿದ ಪುಡಿ ಬೆರೆಸಿ, ಗೋಣಿಯ ಚೂರಿನಿಂದ ಉಜ್ಜಿದಳು. ಅವಳ ಅಜ್ಜಿ ಹೊಳೆಯ ದಂಡೆಯಲ್ಲಿ ಕೂತು ಉಜ್ಜುತ್ತಿದ್ದದ್ದೂ ಹಾಗೆಯೇ. ಅಡುಗೆಯವನು ಪಾತ್ರೆ ಎತ್ತಿ ಅದರಲ್ಲಿ ಮುಖ ನೋಡಿಕೊಂಡು, "ಅಯ್ಯೋ, ನನ್ನ ಮೂಗು ಇಷ್ಟು ಸೊಟ್ಟ ಇದೆ ಅಂತ ಇವತ್ತೇ ಗೊತ್ತಾಯ್ತಲ್ಲಕ್ಕಾ!" ಎಂದ. ಚರಂಡಿ ಕಟ್ಟಿಕೊಳ್ಳುತ್ತದೆಂದು ಬೂದಿಯನ್ನು ಆಮೇಲೆ ನಿಷೇಧಿಸಿದರು. ಡಬ್ಬ ಮಾತ್ರ ಮೂರನೇ ತೊಟ್ಟಿಯ ಹಿಂದೆ ಹಾಗೇ ಉಳಿಯಿತು.

ತೊಳೆದದ್ದು ಸರಿಯಾಯಿತೋ ಇಲ್ಲವೋ ಎಂದು ಅವಳು ಕಣ್ಣಿನಿಂದ ನೋಡುತ್ತಿರಲಿಲ್ಲ. ಒದ್ದೆ ಹೆಬ್ಬೆರಳನ್ನು ತಟ್ಟೆಯ ಮೇಲೆ ಒತ್ತಿ ಎಳೆಯುತ್ತಿದ್ದಳು. ಕಿರ್ರೆಂದರೆ ಸರಿ, ಜಾರಿದರೆ ಮತ್ತೆ ಮೊದಲನೇ ತೊಟ್ಟಿಗೆ. "ತಟ್ಟೆ ಬಾಯಿ ಬಿಡಬೇಕು. ಸುಮ್ಮನಿದ್ರೆ ಒಳಗೆ ಜಿಡ್ಡು ಇಟ್ಕೊಂಡಿದೆ ಅಂತ ಲೆಕ್ಕ, ಥೇಟ್ ನಮ್ಮತ್ತೆ ಥರ" ಎನ್ನುತ್ತಿದ್ದಳು.

ಈ ಕಸುಬು ಅವಳಿಗೆ ಬಂದದ್ದು ತಾಯಿಯಿಂದ. ತಾಯಿ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ಮನೆಯ ಪಿಂಗಾಣಿ ಬಟ್ಟಲುಗಳನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಡುತ್ತಿದ್ದಳು. ಅವಳ ಊಟಕ್ಕೆ ಮಾತ್ರ ಅಂಚು ಮುಕ್ಕಾದ ಬೋಗುಣಿ; ಅದರ ಜಾಗ ಹಿತ್ತಿಲ ಕಿಟಕಿಯ ಕಟ್ಟೆ. ಏಳು ವರ್ಷದ ಮಗಳು ಒಮ್ಮೆ ಬಾಯಾರಿ, ತಾಯಿ ಆಗಷ್ಟೇ ತೊಳೆದಿಟ್ಟ ಲೋಟದಲ್ಲಿ ನೀರು ಕುಡಿದಳು. ಮನೆಯೊಡತಿ ಆ ಲೋಟವನ್ನು ತಿಪ್ಪೆಗೆ ಎಸೆಸಿದಳು. "ಅಮ್ಮಾ, ಅದನ್ನ ತೊಳೆದಿದ್ದು ನೀನೇ ಅಲ್ವಾ? ತೊಳೆಯೋಕಾದ್ರೆ ನಾವು ಆಗ್ತೀವಿ, ಕುಡಿಯೋಕೆ ಯಾಕಾಗಲ್ಲ?" ಎಂದು ಹುಡುಗಿ ಕೇಳಿದಳು. ತಾಯಿ ಸೋಪಿನ ಕೈಯಿಂದಲೇ ಮಗಳ ಬಾಯಿ ಮುಚ್ಚಿದಳು. ಆ ಸೋಪಿನ ಕಹಿ ಬೂದಿಯಕ್ಕನ ನಾಲಿಗೆಯಿಂದ ಪೂರ್ತಿ ಹೋಗಿರಲಿಲ್ಲ.

ಗಿರಣಿಯಲ್ಲಿ ಆ ಕಾಟವಿರಲಿಲ್ಲ. ಸಾಹೇಬರಿರಲಿ, ನೂಲು ಸುತ್ತುವವರಿರಲಿ, ಎಲ್ಲರಿಗೂ ಒಂದೇ ಸ್ಟೀಲಿನ ತಟ್ಟೆ. ಎಲ್ಲರದೂ ಮುಗಿದ ಮೇಲೆ ಅವಳೂ ಅದೇ ರಾಶಿಯಿಂದ ಒಂದನ್ನೆತ್ತಿಕೊಂಡು ಉಣ್ಣುತ್ತಿದ್ದಳು. ಸಂಬಳಕ್ಕಿಂತ ಹೆಚ್ಚಾಗಿ ಅವಳನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಆ ಒಂದು ತಟ್ಟೆ.

ಆಮೇಲೆ ಉಗ್ರಾಣಕ್ಕೆ ಹೊಸ ಅಧಿಕಾರಿ ಬಂದರು. ಅವರು ಬಂದ ಮೂರನೇ ವಾರ ಕ್ಯಾಂಟೀನ್ ಮ್ಯಾನೇಜರ್ ಕೆಂಪು ಬಣ್ಣದ ಸಣ್ಣ ಡಬ್ಬಿಯನ್ನೂ ಒಂದು ಬ್ರಷ್ಷನ್ನೂ ತಂದು ಅವಳ ಮುಂದಿಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು.

"ಬೂದಿಯಕ್ಕಾ, ಮೊನ್ನೆ ಬಂದ ನಲವತ್ತು ಹೊಸ ತಟ್ಟೆ ಬಿಟ್ಟು ಉಳಿದಿದ್ದಕ್ಕೆಲ್ಲ ಬೆನ್ನಿಗೊಂದೊಂದು ಚುಕ್ಕಿ ಇಟ್ಟುಬಿಡಮ್ಮ."

"ಯಾಕೆ ಸಾರ್, ದೃಷ್ಟಿಯಾಗುತ್ತಾ?"

"ಕಳ್ಳತನ ಆಗಬಾರದು ಅಂತ. ಗುರುತಿಗೆ."

ಅವಳು ನಂಬಿದಳು. ಮಾಡುವ ಕೆಲಸ ನೆಟ್ಟಗಿರಬೇಕೆಂದು ಪ್ರತಿ ತಟ್ಟೆಯ ನಡುಮಧ್ಯ ಹುಡುಕಿ, ಗುಂಡಗೆ, ಹಣೆಗೆ ಇಟ್ಟಷ್ಟು ಚೆನ್ನಾಗಿ ಚುಕ್ಕಿ ಇಟ್ಟಳು.

ಮರುದಿನ ಊಟದ ಹೊತ್ತಿಗೆ ವಿಷಯ ಬಯಲಾಯಿತು. ಎಂದಿನಂತೆ ಅವಳು ಕೈಗೆ ಸಿಕ್ಕಿದ ತಟ್ಟೆ ಎತ್ತಿಕೊಂಡಳು.

"ಅದಲ್ಲಮ್ಮಾ" ಎಂದರು ಮ್ಯಾನೇಜರ್, ಅವಳ ಮುಖ ನೋಡದೆ. "ಅದು ಆಫೀಸರ್‌ಗಳದ್ದು. ಚುಕ್ಕಿ ಇರೋದು ತಗೋ. ಕೆಲಸದವರ ಕೈಯೆಲ್ಲ ಎಣ್ಣೆ, ಗ್ರೀಸು ಅಂತ ಉಗ್ರಾಣದ ಸಾಹೇಬರು..."

ಅವಳು ತಟ್ಟೆಯನ್ನು ವಾಪಸು ಇಟ್ಟಳು. ಅಂದು ಉಣ್ಣಲಿಲ್ಲ. ಅವಳನ್ನು ಕೊರೆದದ್ದು ಸಾಹೇಬರ ಮಾತಲ್ಲ, ತನ್ನ ಕೈ. ತಾಯಿಯ ಬೋಗುಣಿಯನ್ನಾದರೂ ಬೇರೆಯವರು ಕಿಟಕಿಯಲ್ಲಿಟ್ಟಿದ್ದರು. ಇಲ್ಲಿ ತಾನೇ ಒಂದೊಂದಕ್ಕೂ ಬೊಟ್ಟಿಟ್ಟಿದ್ದಳು.

ಮಧ್ಯಾಹ್ನದ ತೊಳೆಯುವಿಕೆ ಮುಗಿದ ಮೇಲೆ ಅವಳು ಮೂರನೇ ತೊಟ್ಟಿಯ ಹಿಂದಿನಿಂದ ಡಬ್ಬ ತೆಗೆದಳು. ಸೋಪಿಗೆ ಅಲುಗದ ಬಣ್ಣ ಬೂದಿ, ಇಟ್ಟಿಗೆ ಪುಡಿಯ ಮುಂದೆ ಎಷ್ಟು ಹೊತ್ತು ನಿಂತೀತು? ಅಡುಗೆಯವನು ಬಾಗಿಲಲ್ಲಿ ನಿಂತು ನೋಡಿದ.

"ಅಕ್ಕಾ, ಕೆಲಸ ಹೋಗುತ್ತೆ. ಮನೇಲಿ ಭಾವ ಮಂಡಿ ನೋವು ಅಂತ ಮಲಗಿದ್ದಾರೆ, ನೆನಪಿದೆ ತಾನೆ?"

"ನೆನಪಿದೆ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ. ಇವರು ಕೆಸರು ನಮಗೆ, ಮೊಸರು ತಮಗೆ ಅಂತ ಪಾಲು ಮಾಡ್ತಿದ್ದಾರೆ. ಬಿಸಿನೀರು ಕೊಡ್ತೀಯೋ, ಉಪದೇಶ ಮಾಡ್ತೀಯೋ?"

ಅವನು ಬಿಸಿನೀರು ಕೊಟ್ಟ. ಸಂಜೆಯ ಸೈರನ್ ಕೂಗುವಷ್ಟರಲ್ಲಿ ಹಳೆಯ ತಟ್ಟೆ, ಹೊಸ ತಟ್ಟೆ ಎಲ್ಲ ಒಂದೇ ಹೊಳಪಿಗೆ ಬಂದಿದ್ದವು. ಅವಳ ಬೆರಳ ತುದಿ ಸುಲಿದು ಕೆಂಪಾಗಿತ್ತು.

ಮರುದಿನ ಊಟದ ಗಂಟೆಗೆ ಸ್ವಲ್ಪ ಮೊದಲು ಮ್ಯಾನೇಜರ್ ಒಂದು ತಟ್ಟೆ ಮಗುಚಿದರು. ಇನ್ನೊಂದು ಮಗುಚಿದರು. ರಾಶಿಯ ತಳದಿಂದ ಎಳೆದು ನೋಡಿದರು.

"ಚುಕ್ಕಿ ಎಲ್ಲಿ?"

"ಉಜ್ಜಿದೆ."

"ಉಜ್ಜಿದೆ ಅಂದ್ರೆ? ಯಾರಮ್ಮಾ ಹೇಳಿದ್ದು ನಿಂಗೆ?"

"ಇಡು ಅಂದಿದ್ದು ನೀವು. ಕಳ್ಳತನಕ್ಕೆ ಅಂದ್ರಿ, ಇಟ್ಟೆ. ಸುಳ್ಳು ಅಂತ ಗೊತ್ತಾಯ್ತು, ತೆಗೆದೆ. ನನ್ನ ಕೈಯಾರೆ ಇಟ್ಟಿದ್ದು, ನನ್ನ ಕೈಯಾರೆ ಹೋಯ್ತು."

"ಇವತ್ತೇ ಮತ್ತೆ ಇಡಬೇಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಬೂದಿಯಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬ್ರಷ್ಷನ್ನೂ ಬಣ್ಣದ ಡಬ್ಬಿಯನ್ನೂ ತಂದು ಅವರ ಕೈಗಿತ್ತಳು. "ಬೇರೆ ತಟ್ಟೆ ಯಾರಿಗೆ ಬೇಕೋ ಅವರೇ ಇಟ್ಕೊಳ್ಳಲಿ ಸಾರ್. ಆಮೇಲೆ ತೊಳೆಯೋದೂ ಅವರೇ. ನಾನು ಮುಟ್ಟಿದ್ದರಲ್ಲಿ ಉಣ್ಣೋಕಾಗುತ್ತೆ, ನನ್ನ ಜೊತೆ ಉಣ್ಣೋಕಾಗಲ್ಲ ಅಂದ್ರೆ ಹೇಗೆ? ನಾಳೆ ಯಾಕೆ, ಈಗಲೇ ಹೊರಟೆ."

ಗಂಟೆ ಹೊಡೆಯಿತು. ಬಾಗಿಲಾಚೆ ಸಾಲು ಬೆಳೆಯುತ್ತಿತ್ತು. ಹಸಿದವರ ಸಾಲಿಗೆ ತಾಳ್ಮೆ ಕಡಿಮೆ. ಅಡುಗೆಯವನು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು ಕೈಕಟ್ಟಿ ನಿಂತ. "ಅಕ್ಕ ಹೋದ್ರೆ ಇವತ್ತಿನ ತಟ್ಟೆ ಯಾರು ತೊಳೀತಾರೆ ಅಂತ ಹೇಳಿ ಸಾರ್, ಆಮೇಲೆ ಬಡಿಸ್ತೀನಿ" ಎಂದ. ಮ್ಯಾನೇಜರ್ ಮೂರು ತೊಟ್ಟಿಗಳ ಕಡೆ ನೋಡಿದರು. ತಮ್ಮ ಇಸ್ತ್ರಿ ಮಾಡಿದ ತೋಳನ್ನು ನೋಡಿಕೊಂಡರು. ಬಣ್ಣದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, "ಬಡಿಸಿ, ಬಡಿಸಿ" ಎಂದು ಹೊರಟೇಹೋದರು.

ಮರುದಿನ ಕಚೇರಿಯಿಂದ ಎಚ್ಚರಿಕೆ ಪತ್ರ ಬಂತು. ಬೂದಿಯಕ್ಕ ಅದಕ್ಕೆ ಸಹಿ ಹಾಕಿ, ತನ್ನ ಪ್ರತಿಯನ್ನು ನಾಲ್ಕಾಗಿ ಮಡಿಸಿ ಬೂದಿ ಡಬ್ಬದ ಸಡಿಲ ಮುಚ್ಚಳದ ಸಂದಿಗೆ ತುರುಕಿ ಬಿಗಿ ಮಾಡಿದಳು. ಅಂದೂ ರಾಶಿಯ ಮೇಲಿನ ತಟ್ಟೆಯನ್ನೇ ಎತ್ತಿಕೊಂಡು ಉಂಡಳು. ಈ ಸಲ ಹಿಂದಿನ ಚಪ್ಪರದಲ್ಲಲ್ಲ, ಒಳಗೆ ಬೆಂಚಿನ ಮೇಲೆ ಕೂತು.

ಉಗ್ರಾಣದ ಅಧಿಕಾರಿ ಮನೆಯಿಂದ ಸ್ವಂತ ತಟ್ಟೆ ತರತೊಡಗಿದರು. ಅದನ್ನು ತೊಳೆಯಲು ಅವಳು ಒಪ್ಪಲಿಲ್ಲ. ಹೀಗಾಗಿ ದಿನವೂ ಊಟವಾದ ಮೇಲೆ ಅವರು ತೋಳು ಮಡಚಿ ನಲ್ಲಿಯ ಕೆಳಗೆ ಬಗ್ಗುತ್ತಿದ್ದರು; ಪ್ಯಾಂಟಿಗೆಲ್ಲ ನೀರು. ಬೂದಿಯಕ್ಕ ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಸಾರ್, ಹೆಬ್ಬೆರಳು ಒತ್ತಿ ಎಳೆದು ನೋಡಿ."

ಅವರು ಎಳೆದರು. ಬೆರಳು ಸದ್ದಿಲ್ಲದೆ ಜಾರಿತು.

"ಜಿಡ್ಡು ಹೋಗಿಲ್ಲ. ಮತ್ತೆ ತೊಳೀರಿ."