ಉಂಡಿ ಕಳಿಸುವ ಕಂಪನಿಗಳು

ಮೊಬೈಲಿಗೆ ಮೆಸೇಜು ಬಂತೆಂದು ಹಿಗ್ಗುವ ವಯಸ್ಸು ನನ್ನದಲ್ಲ. ಬರುವವೆಲ್ಲ ಸಾಲ ಬೇಕೇ ಎಂದು ಕೇಳುವವು, ಇಲ್ಲವೇ ರೀಚಾರ್ಜ್ ಮುಗಿಯಿತೆಂದು ಹೆದರಿಸುವವು. ಆದರೆ ಆಷಾಢ ಮುಗಿದು ಶ್ರಾವಣ ಕಾಲಿಡುವ ಹೊತ್ತಿಗೆ ಬ್ಯಾಂಕಿನಿಂದ ಒಂದೊಂದಾಗಿ ಬೇರೆ ಬಗೆಯ ಮೆಸೇಜು ಬರತೊಡಗುತ್ತವೆ. ಇಂಥ ಕಂಪನಿಯ ಡಿವಿಡೆಂಡು ನಿಮ್ಮ ಖಾತೆಗೆ ಜಮಾ ಆಗಿದೆ, ಎಂದು. ಮೊತ್ತ ನೋಡಿದರೆ ನೀವು ನಗುತ್ತೀರಿ. ಒಂದರಲ್ಲಿ ವಾರದ ಸಂತೆ ಆಗುತ್ತದೆ, ಇನ್ನೊಂದರಲ್ಲಿ ಗ್ಯಾಸ್ ಸಿಲಿಂಡರು ಬರುತ್ತದೆ, ಮತ್ತೊಂದು, ಎರಡು ಮಸಾಲೆ ದೋಸೆ ತಿಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಆದರೂ ನಾನು ಒಲೆಯ ಮೇಲಿನ ಹಾಲು ಮರೆತು ಹಜಾರಕ್ಕೆ ಓಡಿ, "ತವರಿನಿಂದ ಬಂತು ನೋಡ್ರೀ" ಎಂದು ನಮ್ಮನೆಯವರ ಮುಂದೆ ಫೋನು ಹಿಡಿಯುತ್ತೇನೆ.

"ನಿಮ್ಮ ತವರಿನೋರು ಯಾವಾಗಿಂದ ಮುಂಬೈನಾಗೆ ಅದಾರೆ?" ಎಂದು ಅವರು ಪೇಪರಿನಿಂದ ತಲೆ ಎತ್ತದೆ ಕೇಳುತ್ತಾರೆ. ಹಾಲು ಉಕ್ಕುತ್ತದೆ. ಪ್ರತಿ ವರ್ಷದ ಮಾತು ಇದು.

ನನಗೆ ಅಣ್ಣತಮ್ಮಂದಿರಿಲ್ಲ. ಉಳಿದ ದಿನಗಳಲ್ಲಿ ಅದೊಂದು ಕೊರತೆಯೆಂದೇ ಅನ್ನಿಸುವುದಿಲ್ಲ, ಆಸ್ತಿ ಜಗಳ ನೋಡಿದಾಗಲಂತೂ ದೇವರು ದೊಡ್ಡವನು ಎಂದುಕೊಂಡಿದ್ದೇನೆ. ಗೊತ್ತಾಗುವುದು ನಾಗರ ಪಂಚಮಿಯಲ್ಲಿ. ನಮ್ಮ ಕಡೆ ಪಂಚಮಿಗೆ ಅಣ್ಣಂದಿರು ಬಂದು ತಂಗಿಯರನ್ನು ತವರಿಗೆ ಕರೆದೊಯ್ಯಬೇಕು, ಆಗದಿದ್ದರೆ ಶೇಂಗಾ ಉಂಡಿ, ಎಳ್ಳುಂಡಿ, ಕೊಬ್ಬರಿ ಬಟ್ಟಲು ಕಟ್ಟಿ ಕಳಿಸಬೇಕು. ನಮಗೆ ಆ ಕೆಲಸ ಮಾಡುತ್ತಿದ್ದವನು ಅಪ್ಪ. ಜಗಳೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ ಅವನದು. ಶಾಲೆ ಶುರುವಾಗುವ ಕಾಲದಲ್ಲಿ ಯೂನಿಫಾರ್ಮ್ ಹೊಲಿದು ಸಂಪಾದಿಸಿದ್ದರಲ್ಲಿ ವರ್ಷವೆಲ್ಲ ನಡೆಯಬೇಕು. ಆ ದುಡ್ಡಿನಲ್ಲೇ ಒಂದು ಪಾಲು ಉಂಡಿಗೆ. ಚೀಲ ಹೆಗಲಿಗೇರಿಸಿ, ಬಸ್ಸು ಬದಲಿಸಿ, ಮೊದಲು ತ್ಯಾವಣಿಗೆಯಲ್ಲಿ ನನ್ನ ಅಕ್ಕ ಗಿರಿಜಕ್ಕನ ಮನೆ, ಅಲ್ಲಿಂದ ಹೊನ್ನಾಳಿಗೆ ನನ್ನ ಮನೆ. ಅವನಿದ್ದಷ್ಟು ಕಾಲ ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ಬಂದವಳು.

ಅಪ್ಪ ಹೋದ, ಕೆಲವು ವರ್ಷಕ್ಕೆ ಅವ್ವನೂ ಹೋದಳು. ಜಗಳೂರಿನ ಮನೆ ಮಾರಿದೆವು. ಬಂದ ಹಣವನ್ನು ಅಕ್ಕತಂಗಿ ಸಮನಾಗಿ ಹಂಚಿಕೊಂಡೆವು. ಅಕ್ಕ ತನ್ನ ಪಾಲಿನ ಚೆಕ್ಕನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡು, "ನೀನು ಲೆಕ್ಕದ ಟೀಚರು. ಏನು ಮಾಡ್ತೀಯೋ ಮಾಡು. ನಮಗೆ ಉಳಿದ ತವರು ಇಷ್ಟೇ ಐತೆ, ಕರಗಿಸಬ್ಯಾಡ" ಎಂದಳು. ಆ ಮಾತು ನನ್ನ ನಿದ್ದೆ ಕೆಡಿಸಿತು. ಸರ್ವೀಸೆಲ್ಲ ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಟ್ಟವಳು ನಾನು, ಅದರ ರುಚಿ ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ದಾರಿ ತೋರಿಸಲು ಮೊದಲು ಬಂದವನು ನ್ಯಾಮತಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಮೈದುನ. ಅವನ ಫೋನಿನಲ್ಲಿ ಷೇರುಪೇಟೆಯ ಗೆರೆಗಳು ಸದಾ ಕುಣಿಯುತ್ತಿರುತ್ತವೆ. ಗಿರಾಕಿ ಬಂದು ಮೊಳೆ ಕೇಳಿದರೆ ಬೋಲ್ಟು ಕೊಡುತ್ತಾನೆ. "ಅತ್ತಿಗೆಮ್ಮ, ಇದೊಂದು ತಗಳ್ರಿ, ದೀಪಾವಳಿ ಹೊತ್ತಿಗೆ ಡಬ್ಬಲ್" ಎಂದ. ಸ್ವಲ್ಪ ತೆಗೆದುಕೊಂಡೆ. ದೀಪಾವಳಿಯ ಹೊತ್ತಿಗೆ ಅದು ಅರ್ಧವಾಗಿತ್ತು. ಯಾವ ದೀಪಾವಳಿ ಎಂದು ಅವನು ಹೇಳಿರಲಿಲ್ಲವಲ್ಲ, ತಪ್ಪು ನನ್ನದೇ.

ಬಳಿಕ ಕುಳಿತು ಯೋಚಿಸಿದೆ. ನಾಳೆ ಏನಾಗುತ್ತದೆ ಎನ್ನುವುದು ನನಗೆ ತಿಳಿಯದು, ಮೈದುನನಿಗಂತೂ ತಿಳಿಯದು. ಹಿಂದೆ ಏನಾಯಿತು ಎನ್ನುವುದನ್ನು ಮಾತ್ರ ಯಾರು ಬೇಕಾದರೂ ನೋಡಬಹುದು. ಒಂದು ಕಂಪನಿ ಕಳೆದ ವರ್ಷಗಳಲ್ಲಿ ತನ್ನ ಲಾಭದಲ್ಲಿ ಷೇರುದಾರರಿಗೆ ಎಷ್ಟೆಷ್ಟು ಹಂಚಿತು ಎನ್ನುವ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ನೋಡುತ್ತಿದ್ದಾಗ ನನಗೆ ಥಟ್ಟನೆ ಹೊಳೆದದ್ದು ಪಂಚಮಿ. ಯಾವ ಮನೆಯಿಂದ ಹೆಣ್ಣುಮಗಳಿಗೆ ತಪ್ಪದೆ ಉಂಡಿ ಬರುತ್ತದೆ, ಯಾವ ಮನೆಯಿಂದ ಬರುವುದಿಲ್ಲ ಎಂದು ಓಣಿಯ ಹೆಂಗಸರಿಗೆಲ್ಲ ಬಾಯಿಪಾಠ. ಆ ಮನೆಯ ಗಂಡಸರ ಮಾತಿಗಿಂತ ಆ ಲೆಕ್ಕವೇ ನಂಬಿಕೆಗೆ ಯೋಗ್ಯ. ಹತ್ತು ವರ್ಷ ಬಿಡದೆ ಡಿವಿಡೆಂಡು ಕೊಟ್ಟ ಕಂಪನಿಗಳನ್ನಷ್ಟೇ ಮುಟ್ಟುವುದು ಎಂದು ನಿಶ್ಚಯಿಸಿದೆ.

ಇದರಲ್ಲೂ ಮೋಸ ಹೋಗುವ ಜಾಗಗಳಿವೆ. ನಮ್ಮ ಸಂಬಂಧದಲ್ಲೊಬ್ಬ ಸೊಕ್ಕೆ ಊರಿನ ಕಡೆ ಹೊಲ ಮಾರಿ ಒಂದು ಪಂಚಮಿಗೆ ತಂಗಿಗೆ ರೇಷ್ಮೆ ಸೀರೆ, ಬೆಳ್ಳಿ ಕಾಲುಂಗುರ ಕಳಿಸಿದ. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಮರುವರ್ಷದಿಂದ ಒಂದು ಎಳ್ಳುಂಡಿಯೂ ಬರಲಿಲ್ಲ. ಕಂಪನಿಗಳಲ್ಲೂ ಹೀಗೆ ಜಾಗ ಮಾರಿ, ಕಾರ್ಖಾನೆ ಮಾರಿ, ಒಂದೇ ಸಲ ಕೈತುಂಬ ಹಂಚುವವರಿದ್ದಾರೆ. ಅದನ್ನು ನೋಡಿ ಬಾಯಿ ಬಿಡಬಾರದು. ಸಾಲ ಮಾಡಿ ಹಂಚುವವರೂ ಇದ್ದಾರೆ, ಅವರ ಸಹವಾಸವೇ ಬೇಡ. ಗಳಿಸಿದ್ದರಲ್ಲಿ ಒಂದು ಪಾಲು ಕೊಟ್ಟು, ಉಳಿದದ್ದನ್ನು ಮನೆಯ ಬಾಳಿಗೆ ಇಟ್ಟುಕೊಳ್ಳುವವನೇ ಬಾಳಿಕೆ ಬರುವ ಅಣ್ಣ. ಅಂಥವರನ್ನು ಹುಡುಕಿ, ಸೋಪು ಮಾಡುವವರು, ಕರೆಂಟು ಮಾಡುವವರು, ಬಣ್ಣ ಮಾಡುವವರು ಎಂದು ಬೇರೆಬೇರೆ ಕಸುಬಿನವರಲ್ಲಿ ಹಣ ಹಂಚಿದೆ. ಬಂದ ಡಿವಿಡೆಂಡಿನಲ್ಲಿ ಪಂಚಮಿ ಖರ್ಚಿಗೆ ಸ್ವಲ್ಪ ತೆಗೆದಿಟ್ಟು, ಮಿಕ್ಕದ್ದರಲ್ಲಿ ಮತ್ತೆ ಅಂಥವೇ ಷೇರು. ನನ್ನ ವಿದ್ಯೆ ಇಷ್ಟೇ. ಇದನ್ನು ಕೇಳಿ ಮೈದುನ ಆಕಳಿಸಿದ.

ಹೊಸತರಲ್ಲಿ ಜಾಣತನ ಮಾಡಲೂ ಹೋದೆ. ಡಿವಿಡೆಂಡಿಗೆ ದಿನ ಗೊತ್ತುಮಾಡಿರುತ್ತಾರೆ, ಅದಕ್ಕೆ ಸ್ವಲ್ಪ ಮುಂಚೆ ಕೊಂಡರೆ ಸಾಕು, ವರ್ಷದ ಉಂಡಿ ಸಿಗುತ್ತದೆ, ಮರುದಿನ ಮಾರಿದರಾಯಿತು ಎಂದು. ಹಾಗೇ ಮಾಡಿದೆ. ಡಿವಿಡೆಂಡು ಎಷ್ಟು ಬಂತೋ ಷೇರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿದು ಕುಳಿತಿತು. ಊಟಕ್ಕೆಂದೇ ಬಂದು ಎಲೆ ಎತ್ತುವ ಮೊದಲು ಓಡುವ ನೆಂಟರನ್ನು ಪೇಟೆಯೂ ಗುರುತು ಹಿಡಿಯುತ್ತದೆ.

ನಮ್ಮ ಹಿರಿಯರಿಗೆ ಇದು ಹೊಸದೇನೂ ಅಲ್ಲ. ಹೊಲವನ್ನು ಕೋರಿಗೆ ಕೊಡುತ್ತಿದ್ದರಲ್ಲ, ಬೇರೆಯವರು ಉಳುತ್ತಾರೆ, ಸುಗ್ಗಿಗೆ ನಮ್ಮ ಪಾಲು ಬರುತ್ತದೆ. ಕೋರಿಗೆ ಹಾಕಿದವನು ದಿನಾ ಬೆಳಿಗ್ಗೆ ಎದ್ದು ಹೊಲದ ರೇಟು ಕೇಳುತ್ತಿರಲಿಲ್ಲ. ಉಳುವವನು ನಂಬಿಗಸ್ತನೇ, ಬೆಳೆ ಬಂತೇ, ಅಷ್ಟು ಕೇಳುತ್ತಿದ್ದ. ಇದನ್ನು ನಾನು ಅಕ್ಕನಿಗೆ ಹೇಳಿದಾಗ ಅವಳು ಮೊದಲ ಸಲ ತಲೆಯಾಡಿಸಿ, ಚನ್ನಗಿರಿಯ ಬ್ಯಾಂಕಿಗೆ ನನ್ನ ಜೊತೆ ಬಂದು, ತನ್ನ ಹೆಸರಲ್ಲೇ ಷೇರಿನ ಖಾತೆ ತೆರೆಸಿ, ವಹಿವಾಟು ನನ್ನ ಕೈಗೆ ಬಿಟ್ಟಳು. ಅವಳು ಕೇಳಿಕೊಂಡದ್ದು ಒಂದೇ, ಅಪ್ಪನ ನೆನಪಿಗೆ ಒಂದು ಬಟ್ಟೆ ಕಂಪನಿ ಇರಲಿ ಎಂದು. ಶಾಲೆ ಯೂನಿಫಾರ್ಮಿನ ಬಟ್ಟೆ ನೇಯುವ ಗಿರಣಿಯೊಂದು ನನ್ನ ಪರೀಕ್ಷೆಯಲ್ಲಿ ಪಾಸಾಗಿತ್ತು. ಅವಳ ಪಾಲಿನಲ್ಲಿ ದೊಡ್ಡ ಭಾಗ ಅದಕ್ಕೇ ಹೋಯಿತು.

ಆಮೇಲೆ ಕೊರೋನಾ ಬಂತು. ಶಾಲೆ ಮುಚ್ಚಿದವು. ಗಿರಣಿಯವರು ಈ ವರ್ಷ ಡಿವಿಡೆಂಡು ಇಲ್ಲ ಎಂದು ಸಾರಿದರು. ಷೇರಿನ ಬೆಲೆ ಪಾತಾಳ ಕಂಡಿತು. ಅಕ್ಕನ ತವರು ನನ್ನ ಕೈಯಲ್ಲೇ ಕರಗುತ್ತಿದೆ ಎಂದು ಹೆದರಿದೆ. ಉಳಿದಷ್ಟನ್ನಾದರೂ ಉಳಿಸೋಣ ಎಂದು ಅವಳಿಗೆ ಫೋನು ಮಾಡಿದೆ.

"ಅಕ್ಕಾ, ನಿನ್ನ ಫೋನಿಗೆ ಒಂದು ಒಟಿಪಿ ಬರ್ತೈತೆ, ಹೇಳು. ಬಟ್ಟೆ ಕಂಪನಿ ಮಾರಿಬಿಡ್ತೀನಿ."

"ಬಂತು. ಯಾಕೆ ಮಾರಾಕೆ ಹೊಂಟೀಯ ಮೊದಲು ಹೇಳು."

"ಈ ವರ್ಷ ಏನೂ ಕೊಡಲ್ಲ ಅಂದಾರೆ. ತಪ್ಪಿಸಿದೋರನ್ನ ಇಟ್ಕಳ್ಳಬಾರದು. ಅಪ್ಪ ಒಂದು ವರ್ಷನಾದ್ರೂ ತಪ್ಪಿಸಿದ್ನೇನು?"

ಆ ಕಡೆ ಅಕ್ಕ ಬಾಗಿಲು ಮುಂದೆ ಮಾಡಿದ ಸದ್ದು ಕೇಳಿತು.

"ತಪ್ಪಿಸಿದ್ದ" ಎಂದಳು ಅಕ್ಕ. "ನಿನ್ನ ಮದುವಿ ಆದ ಹೊಸತರಾಗೆ. ಕಣ್ಣಿಗೆ ಪೊರೆ ಬಂದಿತ್ತು, ಸೂಜಿಗೆ ದಾರ ಪೋಣಿಸಾಕೆ ಆಗ್ತಿರಲಿಲ್ಲ. ಆ ವರ್ಷದ ಯೂನಿಫಾರ್ಮೆಲ್ಲ ಬೇರೆಯೋರ ಪಾಲಾದ್ವು. ಬರಿಗೈಲಿ ನಮ್ಮನೆಗೆ ಬಂದ. ಸಣ್ಣಾಕಿ ಮನೆಗೆ ಹೆಂಗೆ ಹೋಗ್ಲವ್ವ, ಅವಳ ಅತ್ತಿ ಮುಂದೆ ಅವಳು ತಲೆ ತಗ್ಗಿಸಬೇಕಾಗ್ತೈತೆ ಅಂತ ಪಡಸಾಲ್ಯಾಗೆ ಕುಂತುಬಿಟ್ಟ."

"ಸುಳ್ಳು. ಉಂಡಿ ತಂದಿದ್ನಲ್ಲ! ಚೀಲದ ತುಂಬ ತಂದಿದ್ದ."

"ಆ ಶೇಂಗಾ ಉಂಡಿಗೆ ಏಲಕ್ಕಿ ಹಾಕಿತ್ತೋ ಇಲ್ಲೋ?"

ಹಾಕಿತ್ತು. ಅವ್ವ ಜನ್ಮದಲ್ಲಿ ಉಂಡಿಗೆ ಏಲಕ್ಕಿ ಹಾಕಿದವಳಲ್ಲ, ಶೇಂಗಾದ ವಾಸನೆ ಕೆಡುತ್ತದೆ ಎನ್ನುತ್ತಿದ್ದಳು. ಹಾಕುವವಳು ಗಿರಿಜಕ್ಕ. ಆ ವರ್ಷ ನಾನು ಓಣಿಗೆಲ್ಲ ಹಂಚಿ ಹೊಗಳಿಸಿಕೊಂಡದ್ದಲ್ಲದೆ, ಮುಂದೆ ಅಕ್ಕ ಸಿಕ್ಕಾಗ, "ಅವ್ವನ ಕೈ ಏನು ಪಳಗೈತೆ ಅಂತೀಯ, ನೀನೂ ಕೇಳಿ ಕಲಿ" ಎಂದು ಅವಳಿಗೇ ಉಪದೇಶ ಮಾಡಿದ್ದೆ. ಅವಳು "ಹೂಂ, ಕಲೀತೀನಿ" ಎಂದಿದ್ದಳು. ಅದೆಲ್ಲ ನೆನಪಾಗಿ ನನಗೆ ಅಳುವೂ ಬಂತು, ನಗುವೂ ಬಂತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಕ್ಕಾ?"

"ಹೇಳಾಕೆ ಏನೈತೆ ಅದರಾಗೆ? ಅಪ್ಪ ಕಣ್ಣು ಆಪರೇಷನ್ ಮಾಡಿಸ್ಕೊಂಡು ಮುಂದಿನ ವರ್ಷ ತಾನೇ ತಂದ. ಈಗ ನೋಡು, ಸ್ಕೂಲೇ ಇಲ್ಲಂದ್ರೆ ಆ ಗಿರಣಿಯೋರು ಏನು ಮಾಡ್ತಾರೆ? ಅವರ ಬೆನ್ನಿಗೂ ಒಬ್ಬಾಕಿ ಅಕ್ಕ ಅದಾಳೇನು ನೋಡು. ಇದ್ರೆ ಮಾರಬ್ಯಾಡ. ಇಲ್ಲದಿದ್ರೆ ಹೇಳು, ಆಗ ಒಟಿಪಿ ಕೊಡ್ತೀನಿ."

ಫೋನಿಟ್ಟು ಆ ಗಿರಣಿಯ ವಾರ್ಷಿಕ ವರದಿ ತೆರೆದೆ. ಗಿರಿಜಕ್ಕ ಕೇಳಿದ ಆ ಬೆನ್ನಿಗಿರುವ ಅಕ್ಕನಿಗೆ ಅದರಲ್ಲಿ ಮೀಸಲು ನಿಧಿ ಎಂದು ಹೆಸರು. ಒಳ್ಳೆಯ ವರ್ಷಗಳಲ್ಲಿ ಕೂಡಿಟ್ಟದ್ದು ಸಾಕಷ್ಟಿತ್ತು, ಸಾಲ ಇಲ್ಲವೆನ್ನುವಷ್ಟು ಕಡಿಮೆ. ಕೂಡಿಟ್ಟದ್ದನ್ನು ಕೆಲಸಗಾರರ ಸಂಬಳಕ್ಕೆ ಇಟ್ಟುಕೊಂಡಿದ್ದೇವೆ, ಅದಕ್ಕೇ ಈ ವರ್ಷ ಹಂಚುತ್ತಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಮಾರಲಿಲ್ಲ. ಶಾಲೆಗಳು ತೆರೆದ ಮೇಲೆ ಡಿವಿಡೆಂಡು ಮತ್ತೆ ಬಂತು, ಮೊದಲು ತುಸು ಸಣ್ಣದಾಗಿ. ಎಲ್ಲರ ಕಥೆಯೂ ಹೀಗೇ ಮುಗಿಯುತ್ತದೆಂದು ತಿಳಿಯಬೇಡಿ. ನನ್ನ ಪಾಲಿನ ಇನ್ನೊಂದು ಕಂಪನಿಗೆ ಬೆನ್ನಿಗೆ ಯಾರೂ ಇರಲಿಲ್ಲ, ಅದು ಮುಳುಗಿತು. ಅದರಲ್ಲಿ ಸ್ವಲ್ಪವೇ ಹಾಕಿದ್ದೆನಾದ್ದರಿಂದ ನಾನು ಮುಳುಗಲಿಲ್ಲ.

ಈ ಬದುಕಿನಲ್ಲಿ ತಪ್ಪದೆ ಬಂದವು ಎಂದು ನಾನು ಎಣಿಸಿದ ಎಷ್ಟು ವಸ್ತುಗಳ ಹಿಂದೆ ಯಾರ್‍ಯಾರು ನಿಂತು ಕೈ ಜೋಡಿಸಿದ್ದರೋ ಎಂದು ಆಗಿನಿಂದ ಯೋಚಿಸುತ್ತಿರುತ್ತೇನೆ. ಅವರಿಗೆಲ್ಲ ಕೈಮುಗಿಯಬೇಕು. ವಿಳಾಸ ಗೊತ್ತಿದ್ದದ್ದು ಒಬ್ಬಳದೇ.

ಗಿರಣಿಯಿಂದ ಮತ್ತೆ ಡಿವಿಡೆಂಡು ಬಂದ ಆ ಪಂಚಮಿಗೆ ನಾನೇ ಮೊದಲ ಸಲ ಒಲೆಯ ಮುಂದೆ ಕೂತು ಉಂಡಿ ಕಟ್ಟಿದೆ. ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಅಕ್ಕ ಬಾಗಿಲಲ್ಲಿ ನನ್ನನ್ನು ಕಂಡು ಕೈ ಚಾಚಿದಳು. ಚೀಲ ಇಸಿದುಕೊಂಡು ದೇವರ ಮುಂದಿಟ್ಟು, ಆಮೇಲೆ ಎಲ್ಲರಿಗೂ ಒಂದೊಂದು ಕೊಟ್ಟಳು. ಪಾಕ ಏರಿ ಉಂಡಿ ಕಲ್ಲಾಗಿತ್ತು. ಅಕ್ಕನ ಸೊಸೆ ಕಚ್ಚಲು ನೋಡಿ, ದವಡೆ ಹಿಡಿದುಕೊಂಡು, "ಅಯ್ಯೋ ಅತ್ತಿ, ಇದನ್ನ ಒಡೆಯಾಕೆ ಸುತ್ತಿಗಿ ಬೇಕು" ಎಂದಳು.

ಅಕ್ಕ ಬಾಯಲ್ಲಿದ್ದುದನ್ನು ಕಷ್ಟಪಟ್ಟು ಅಗಿಯುತ್ತ ಅವಳತ್ತ ಕಣ್ಣು ಬಿಟ್ಟಳು.

"ಸುಮ್ಮನೆ ತಿನ್ನು. ನನ್ನ ತವರಿನ ಉಂಡಿಗೆ ಹೆಸರಿಡಬ್ಯಾಡ."